ವಕಾರೋಸ್ ಅಟ್ಲಾಸ್ 2: ಸ್ಟಾರ್ಟ್ ಗೆರೆ ಎಷ್ಟು ದೂರ ಎಂದು ಹೇಳುತ್ತದೆ, ಎಡಕ್ಕೋ ಬಲಕ್ಕೋ ಎಂದು ಹೇಳುವುದಿಲ್ಲ

ಹಾಯಿದೋಣಿ ರೇಸಿಗೆಂದೇ ಮಾಡಿದ ಜಿಪಿಎಸ್ ಉಪಕರಣಗಳಲ್ಲಿ ಈಗ ಹೆಚ್ಚು ಮಾತಿಗೆ ಬರುತ್ತಿರುವುದು ಅಮೆರಿಕದ ವಕಾರೋಸ್ ಕಂಪನಿಯ ಅಟ್ಲಾಸ್ 2. ತೀರ್ಪನ್ನು ಮೊದಲೇ ಹೇಳಿಬಿಡೋಣ. ಸ್ಟಾರ್ಟಿಗೆ ಇದು ಅತ್ಯುತ್ತಮ, ದಡಕ್ಕೆ ಬಂದ ಮೇಲೆ ಕೂತು ಮಾಡುವ ವಿಶ್ಲೇಷಣೆಗೆ ತುಂಬ ಒಳ್ಳೆಯದು, ರೇಸಿನ ನಡುವೆ ಕಣ್ಣು ನೆಟ್ಟು ಕೂರುವುದಕ್ಕೆ ಅಷ್ಟಕ್ಕಷ್ಟೆ. ಒಂದೇ ದೋಣಿಗೆ ಒಂದೇ ಕೊಂಡರೆ ಅರ್ಧ ದುಡ್ಡು ನೀರಿಗೆ ಬಿತ್ತೆಂದೇ ಲೆಕ್ಕ. ಎರಡು ದೋಣಿ, ಎರಡು ಉಪಕರಣ, ಜೊತೆಗೆ ಅಂಕಿ ಓದಬಲ್ಲ ಒಬ್ಬ ಕೋಚ್ ಇದ್ದರೆ ಮಾತ್ರ ಹಾಕಿದ ಹಣ ಗಿಟ್ಟುತ್ತದೆ.

ಒಳಗಿನ ಸರಕು ಗಟ್ಟಿಯಾದದ್ದೇ. ಎಲ್1, ಎಲ್5 ಎಂಬ ಎರಡು ಆವರ್ತನಗಳಲ್ಲಿ ಉಪಗ್ರಹದ ಸಂಕೇತ ಹಿಡಿದು ಸೆಕೆಂಡಿಗೆ 25 ಸಲ ಸ್ಥಾನ ಲೆಕ್ಕ ಹಾಕುತ್ತದೆ. ಇದರ ಅರ್ಥ ತಿಳಿಯಲು ಸಣ್ಣ ಗಣಿತ ಸಾಕು: 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ ಸುಮಾರು 3.1 ಮೀಟರ್ ಸಾಗುತ್ತದೆ. ಸಾಮಾನ್ಯ ಫೋನು ಸೆಕೆಂಡಿಗೆ ಒಂದು ಬಿಂದು ದಾಖಲಿಸಿದರೆ ಎರಡು ಬಿಂದುಗಳ ನಡುವೆ 3 ಮೀಟರ್ ಖಾಲಿ. ಇಲ್ಲಿ ಆ ಅಂತರ 12 ಸೆಂಟಿಮೀಟರ್. ಎಲ್5 ಸಂಕೇತವಂತೂ ನೀರು, ಮಾಸ್ಟು (ಹಾಯಿಯ ಕಂಬ), ಪಕ್ಕದ ಕಟ್ಟಡಗಳಿಂದ ಪ್ರತಿಫಲಿಸಿ ಬರುವ ಸುಳ್ಳು ಸಂಕೇತವನ್ನು ಬೇರ್ಪಡಿಸಲು ನೆರವಾಗುತ್ತದೆ. ಪರದೆ ನಡುಹಗಲಿನ ಬಿಸಿಲಲ್ಲೂ ಸ್ಪಷ್ಟ. ಚಾರ್ಜಿಂಗ್ ವೈರ್‌ಲೆಸ್, ಹಾಗಾಗಿ ಉಪ್ಪುನೀರು ನುಗ್ಗಲು ತೂತೇ ಇಲ್ಲ. ಬ್ಯಾಟರಿ 100 ಗಂಟೆ ಮೀರಿ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ವಾರಾಂತ್ಯದ ರೇಸಿಗೆ ಅದರ ಅರ್ಧ ಬಂದರೂ ಧಾರಾಳವಾಯಿತು.

ಈಗ ಸ್ಟಾರ್ಟಿನ ವಿಚಾರ. ಸ್ಟಾರ್ಟ್ ಗೆರೆ ಎಂದರೆ ಒಂದು ತುದಿಯಲ್ಲಿ ರೇಸ್ ನಡೆಸುವವರ ಕಮಿಟಿ ಬೋಟು, ಇನ್ನೊಂದು ತುದಿಯಲ್ಲಿ ಪಿನ್ ಎಂಬ ತೇಲುಗುರುತು, ಇವೆರಡರ ನಡುವಿನ ಕಲ್ಪನೆಯ ನೇರಗೆರೆ. ಐದು ನಿಮಿಷದ ಎಣಿಕೆ ಶುರುವಾಗುವ ಮುಂಚೆ ಕಮಿಟಿ ಬೋಟಿನ ತುದಿಯಲ್ಲೊಮ್ಮೆ, ಪಿನ್ ತುದಿಯಲ್ಲೊಮ್ಮೆ ಬಟನ್ ಒತ್ತಿ 'ಪಿಂಗ್' ಮಾಡಬೇಕು. ಅಲ್ಲಿಂದಾಚೆ ಗೆರೆಗೆ ಎಷ್ಟು ಮೀಟರ್ ಉಳಿದಿದೆ, ಈಗಿನ ವೇಗದಲ್ಲಿ ಎಷ್ಟು ಸೆಕೆಂಡು ಬೇಕು ಎಂಬುದು ಪರದೆಯ ಮೇಲೆ ಕಾಣುತ್ತದೆ. ಗೆರೆಯ ನಡುವಿನಲ್ಲಿ ನಿಂತ ದೋಣಿಗಳು ತುದಿಗಳನ್ನು ಕಣ್ಣಳತೆಯಲ್ಲಿ ಜೋಡಿಸಲಾಗದೆ, ದಾಟಿಬಿಟ್ಟೇವು ಎಂಬ ಹೆದರಿಕೆಯಲ್ಲಿ ಗೆರೆಯಿಂದ ಹಿಂದೆ ಉಳಿಯುವುದು ಎಲ್ಲ ಫ್ಲೀಟಿನಲ್ಲೂ (ಒಟ್ಟಿಗೆ ರೇಸಿಗಿಳಿದ ದೋಣಿಗಳ ಗುಂಪಿನಲ್ಲೂ) ನಡೆಯುತ್ತದೆ. ಆ ಜಾಗವನ್ನು ಧೈರ್ಯದಿಂದ ಬಳಸಿಕೊಳ್ಳುವುದೇ ಈ ಉಪಕರಣದ ನಿಜವಾದ ಲಾಭ.

ಆದರೆ ಪಿಂಗ್ ತಪ್ಪಿದರೆ ಮಿಕ್ಕದ್ದೆಲ್ಲ ತಪ್ಪು. ಗೆರೆ ಸಾಮಾನ್ಯವಾಗಿ ಕಮಿಟಿ ಬೋಟಿನ ಕಿತ್ತಳೆ ಬಾವುಟದ ಕೋಲಿನಿಂದ ಹೊರಡುತ್ತದೆ, ಬೋಟಿನ ಮೂತಿಯಿಂದಲೋ ಹಿಂಬದಿಯಿಂದಲೋ ಅಲ್ಲ. ಆ ಕೋಲಿನ ನೇರಕ್ಕೆ ನಮ್ಮ ದೋಣಿಯ ಮೂತಿ ಬಂದ ಕ್ಷಣಕ್ಕೆ ಒತ್ತಬೇಕು. ಎರಡನೆಯದು, ಉಪಕರಣದಿಂದ ಮೂತಿಗೆ ಇರುವ ದೂರವನ್ನು ಟೇಪು ಹಿಡಿದು ಅಳೆದು ಆ್ಯಪಿನಲ್ಲಿ ತುಂಬಬೇಕು. 6.93 ಮೀಟರ್ ಉದ್ದದ ಜೆ/70 ದೋಣಿಯಲ್ಲಿ ಮಾಸ್ಟಿಗೆ ಕಟ್ಟಿದರೆ ಆ ದೂರ ಎರಡು ಮೀಟರಿಗೂ ಹೆಚ್ಚು. ತುಂಬಲು ಮರೆತರೆ, ಮೂತಿ ಗೆರೆ ಮುಟ್ಟಿದಾಗಲೂ ಪರದೆ ಇನ್ನೂ ಎರಡು ಮೀಟರ್ ಇದೆ ಎನ್ನುತ್ತಿರುತ್ತದೆ. ಮೊದಲೇ ದಾಟಿದವರನ್ನು ವಾಪಸ್ ಕರೆಯುವ ಎಕ್ಸ್ ಬಾವುಟ ಏರುತ್ತದೆ, ಹಿಂದಿರುಗಿ ಬರಬೇಕು. ಕಪ್ಪು ಬಾವುಟದ ಸ್ಟಾರ್ಟಾಗಿದ್ದರೆ ಆ ರೇಸೇ ಹೋಯಿತು.

ಮೂರನೆಯ ತೊಂದರೆ ಲಂಗರಿನದು, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. 10 ಮೀಟರ್ ಆಳದ ನೀರಿನಲ್ಲಿ ಐದು ಪಟ್ಟು ಹಗ್ಗ ಬಿಟ್ಟರೆ ಕಮಿಟಿ ಬೋಟು 50 ಮೀಟರ್ ಹಗ್ಗದ ತುದಿಯಲ್ಲಿ ತೂಗುತ್ತಿರುತ್ತದೆ. ಗಾಳಿ 10 ಡಿಗ್ರಿ ತಿರುಗಿದರೆ ಬೋಟು ಸುಮಾರು 9 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಉಪಕರಣಕ್ಕೆ ಅದು ಗೊತ್ತಾಗುವುದಿಲ್ಲ, ಅದರ ಗೆರೆ ಹಳೆಯ ಜಾಗದಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಸ್ಟಾರ್ಟಿಗೂ ಹೊಸದಾಗಿ ಪಿಂಗ್ ಮಾಡಿ, ಜನರಲ್ ರೀಕಾಲ್ (ಎಲ್ಲರನ್ನೂ ವಾಪಸ್ ಕರೆದು ಮತ್ತೆ ಸ್ಟಾರ್ಟ್ ಮಾಡಿಸುವುದು) ಆದ ಮೇಲಂತೂ ಕಡ್ಡಾಯ, ಏಕೆಂದರೆ ಆಗ ಕಮಿಟಿ ಪಿನ್ನನ್ನೇ ಸರಿಸುವುದುಂಟು.

ಸೆಕೆಂಡಿನ ಅಂಕಿಯನ್ನೂ ಕುರುಡಾಗಿ ನಂಬುವಂತಿಲ್ಲ. ಹಾಯಿ ಸಡಿಲಿಸಿ ನಿಂತ ದೋಣಿಯ ವೇಗ ಅರ್ಧ ನಾಟ್ ಇದ್ದರೆ 15 ಮೀಟರ್ ದೂರಕ್ಕೆ ಪರದೆ 58 ಸೆಕೆಂಡು ತೋರಿಸುತ್ತದೆ. ಹಾಯಿ ಎಳೆದರೆ ಅದೇ ದೂರ ಹತ್ತು ಚಿಲ್ಲರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರಲು ನಿಮ್ಮ ದೋಣಿಗೆ ಎಷ್ಟು ಸೆಕೆಂಡು, ಎಷ್ಟು ಮೀಟರ್ ಬೇಕು ಎಂಬುದನ್ನು ಅಭ್ಯಾಸದ ದಿನ ಮೂರು ಬಗೆಯ ಗಾಳಿಯಲ್ಲಿ ಅಳೆದು ಡೆಕ್ಕಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ರೇಸಿನಲ್ಲಿ ನೋಡಬೇಕಾದದ್ದು ಮೀಟರು, ಹೋಲಿಸಬೇಕಾದದ್ದು ಆ ಬರಹದೊಂದಿಗೆ.

ಗೆರೆಯ ಯಾವ ತುದಿ ಲಾಭ ಎಂಬ ಲೆಕ್ಕಕ್ಕೂ ಇದು ಬರುತ್ತದೆ. ಗಾಳಿಯನ್ನು ಬಲಗಡೆಯಿಂದ ಹಿಡಿದು ಸಾಗುವ ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ ಹೆಡಿಂಗ್ (ದೋಣಿಯ ಮೂತಿಯ ದಿಕ್ಕು) 195 ಡಿಗ್ರಿ, ಎಡಗಡೆಯಿಂದ ಹಿಡಿಯುವ ಪೋರ್ಟ್ ಟ್ಯಾಕಿನಲ್ಲಿ 285 ಎಂದುಕೊಳ್ಳಿ. ಸರಾಸರಿ 240, ಗಾಳಿ ಅಲ್ಲಿಂದ. ಹಾಗಾದರೆ ಸಮನಾದ ಗೆರೆ ಕಮಿಟಿ ಬೋಟಿನಿಂದ ಪಿನ್ ಕಡೆಗೆ 150 ಡಿಗ್ರಿಯಲ್ಲಿರಬೇಕು. ಅದು 155 ಇದ್ದರೆ ಪಿನ್ ತುದಿ ಗಾಳಿಯತ್ತ 5 ಡಿಗ್ರಿ ಮುಂದಿದೆ. 150 ಮೀಟರಿನ ಗೆರೆಯಲ್ಲಿ ಇದರ ಬೆಲೆ 13 ಮೀಟರ್, ಅಂದರೆ ಹೆಚ್ಚುಕಡಿಮೆ ಎರಡು ಜೆ/70 ಉದ್ದ. ಇಷ್ಟಕ್ಕೆ ಇಡೀ ಫ್ಲೀಟು ಪಿನ್ನಿಗೆ ಮುತ್ತಿಕೊಳ್ಳುತ್ತದೆ ಎನಿಸಿದರೆ, ಅಲ್ಲಿಂದ ಐದಾರು ದೋಣಿಯುದ್ದ ಈಚೆ ನಿಲ್ಲುವುದು ಜಾಣತನ. ಅದನ್ನು ಯಾವ ಪರದೆಯೂ ಹೇಳುವುದಿಲ್ಲ.

ಕಂಪನಿಯ ರೇಸ್‌ಸೆನ್ಸ್ ವ್ಯವಸ್ಥೆ ಈ ಪಿಂಗ್ ತಾಪತ್ರಯವನ್ನೇ ತೆಗೆದುಹಾಕುತ್ತದೆ. ಕಮಿಟಿ ಬೋಟಿನಲ್ಲೂ ಪಿನ್ನಿನಲ್ಲೂ ಒಂದೊಂದು ಉಪಕರಣವಿಟ್ಟು, ಗೆರೆಯ ಸ್ಥಾನವನ್ನು ಎಲ್ಲ ದೋಣಿಗಳಿಗೂ ನೇರ ಕಳಿಸುತ್ತಾರೆ. ಮೊದಲೇ ದಾಟಿದವರಿಗೆ ಅವರವರ ಉಪಕರಣವೇ ಎಚ್ಚರಿಸುತ್ತದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಗೆ ತಂತ್ರಜ್ಞ ಸ್ಟ್ಯಾನ್ ಹನಿ ಅವರ ತಂಡ ಲೈವ್‌ಲೈನ್ ಎಂಬ ವ್ಯವಸ್ಥೆಯನ್ನು ಬಳಸಿತ್ತು. ಟಿವಿ ಪರದೆಯಲ್ಲಿ ನೀರಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದದ್ದು ಅದೇ. ಕೋಟ್ಯಧಿಪತಿಗಳ ಆಟದಲ್ಲಿದ್ದ ಕೆಲಸ ಇಷ್ಟು ಬೇಗ ಕ್ಲಬ್ಬಿನ ದೋಣಿಗೆ ಇಳಿದದ್ದು ಮೆಚ್ಚಬೇಕಾದದ್ದು. ಆದರೆ ಇದು ಕೆಲಸ ಮಾಡಲು ಫ್ಲೀಟಿನ ಎಲ್ಲರ ಬಳಿಯೂ ಉಪಕರಣ ಇರಬೇಕು, ನಮ್ಮ ದೇಶದ ಕ್ಲಬ್ಬುಗಳಿಗೆ ಸದ್ಯಕ್ಕೆ ಅದು ದೂರದ ಮಾತು.

ಸ್ಟಾರ್ಟಾದ ಮೇಲೆ ಇದರ ತೂಕ ಇಳಿಯುತ್ತದೆ. ವಿಎಂಜಿ, ಅಂದರೆ ಗಾಳಿಯ ದಿಕ್ಕಿಗೆ ನೇರವಾಗಿ ಎಷ್ಟು ವೇಗದಲ್ಲಿ ಏರುತ್ತಿದ್ದೇವೆ ಎಂಬ ಅಂಕಿ, ಕಾಗದದ ಮೇಲೆ ಚೆಂದ. 6 ನಾಟ್ ವೇಗದಲ್ಲಿ 45 ಡಿಗ್ರಿ ಕೋನಕ್ಕೆ ಹೋದರೆ 4.24 ನಾಟ್, 5.8 ನಾಟ್ ವೇಗದಲ್ಲಿ 42 ಡಿಗ್ರಿಗೆ ಹೋದರೆ 4.31. ನಿಧಾನದ ದೋಣಿಯೇ ಗೆದ್ದಿತು. ಆದರೆ ಚುಕ್ಕಾಣಿ ಹಿಡಿದವರು ಈ ಅಂಕಿಯ ಬೆನ್ನು ಹತ್ತಿದರೆ ಕೆಡುತ್ತಾರೆ. ಗಾಳಿಯತ್ತ ಮೂತಿ ತಿರುಗಿಸಿದ ಕೂಡಲೇ ದೋಣಿಯ ಹಳೆಯ ವೇಗ ಇನ್ನೂ ಉಳಿದಿರುವುದರಿಂದ ವಿಎಂಜಿ ಜಿಗಿಯುತ್ತದೆ, ಖುಷಿಯಾಗುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ವೇಗ ಸತ್ತು ಎರಡೂ ಬೀಳುತ್ತವೆ. ಮೇಲಾಗಿ ಗಾಳಿ ಸೆನ್ಸರ್ ಇಲ್ಲದ ದೋಣಿಯಲ್ಲಿ ಗಾಳಿಯ ದಿಕ್ಕು ಊಹೆಯದು, ಗಾಳಿ ತಿರುಗಿದರೆ ವಿಎಂಜಿಯೂ ಸುಳ್ಳು. ಕ್ಯಾಲಿಪ್ಸೋ ಕಂಪನಿಯ ವೈರ್‌ಲೆಸ್ ಸೆನ್ಸರನ್ನು ಬ್ಲೂಟೂತ್‌ನಲ್ಲಿ ಜೋಡಿಸಬಹುದು, ಅದಕ್ಕೆ ಖರ್ಚು ಬೇರೆ.

ಅದು ತೋರಿಸುವ ವೇಗ ನೆಲಕ್ಕೆ ಹೋಲಿಸಿದ್ದು, ನೀರಿಗೆ ಹೋಲಿಸಿದ್ದಲ್ಲ ಎಂಬುದನ್ನೂ ನೆನಪಿಡಬೇಕು. ಕೆರೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಎರಡೂ ಒಂದೇ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರವಿಳಿತ 4 ಮೀಟರ್ ದಾಟುವ ಮುಂಬೈ ಬಂದರಿನಲ್ಲಿ ಹಾಗಲ್ಲ. ಅಲ್ಲಿ ಒಂದು ಟ್ಯಾಕಿನಲ್ಲಿ ವೇಗ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಂದರೆ ಹಾಯಿಯನ್ನು ದೂರುವ ಮೊದಲು ನೀರಿನ ಹರಿವನ್ನು ನೋಡಿ.

ರೇಸಿನ ನಡುವೆ ನಿಜವಾಗಿ ಬೇಕಾದ ಅಂಕಿ ಒಂದೇ, ಹೆಡಿಂಗ್. ಗಾಳಿಯ ತಿರುವನ್ನು ಅದೇ ತೋರಿಸುತ್ತದೆ. ಅಡ್ಡಡ್ಡಲಾಗಿ 100 ಮೀಟರ್ ಅಂತರದಲ್ಲಿರುವ ಎರಡು ದೋಣಿಗಳ ನಡುವೆ 10 ಡಿಗ್ರಿ ತಿರುವು ಸುಮಾರು 25 ಮೀಟರ್ ಲಾಭನಷ್ಟ ತರುತ್ತದೆ, 5 ಡಿಗ್ರಿ ಆದರೆ 12 ಮೀಟರ್. ಒಂದು ಟ್ಯಾಕಿಗೆ (ಮೂತಿ ತಿರುಗಿಸಿ ಇನ್ನೊಂದು ಬದಿಯಿಂದ ಗಾಳಿ ಹಿಡಿಯುವುದಕ್ಕೆ) ಒಂದು ದೋಣಿಯುದ್ದ ಕಳೆದುಕೊಳ್ಳುತ್ತೇವೆ ಎಂದಿಟ್ಟುಕೊಂಡರೆ ಯಾವ ತಿರುವಿಗೆ ಟ್ಯಾಕ್ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ತಾನೇ ಹೊರಬೀಳುತ್ತದೆ. ಹಲಸೂರು ಕೆರೆಯಂಥ, ಸುತ್ತ ಮರ, ಕಟ್ಟಡ ಇರುವ ಪುಟ್ಟ ನೀರಿನಲ್ಲಿ ತಿರುವುಗಳು ಎಷ್ಟು ಬೇಗ ಬಂದುಹೋಗುತ್ತವೆಂದರೆ ಪರದೆಗಿಂತ ನೀರಿನ ಮೇಲಿನ ಕಪ್ಪು ಅಲೆಗಳನ್ನು ನೋಡುವವರೇ ಮುಂದಿರುತ್ತಾರೆ.

ಹೆಡಿಂಗ್ ಸರಿಯಾಗಿರಬೇಕಾದರೆ ಕಟ್ಟುವಾಗ ಎಚ್ಚರ ಬೇಕು. ಸ್ಪೀಕರ್, ಔಟ್‌ಬೋರ್ಡ್ ಮೋಟರು, ಜೇಬಿನ ಫೋನು ಹತ್ತಿರವಿದ್ದರೆ ದಿಕ್ಸೂಚಿ ಹಾದಿ ತಪ್ಪುತ್ತದೆ. ಕಾರ್ಬನ್ ಮಾಸ್ಟಿನ ಮರೆಯಲ್ಲಿಟ್ಟರೆ ಉಪಗ್ರಹದ ಸಂಕೇತ ಕುಂದುತ್ತದೆ. ನೇರಕ್ಕೆ ಕೂತಿದೆಯೇ ಎಂದು ಹರಿವಿಲ್ಲದ ನೀರಿನಲ್ಲಿ ಪರೀಕ್ಷಿಸುವುದು ಸುಲಭ. ಎರಡೂ ಟ್ಯಾಕಿನಲ್ಲಿ ಎರಡೆರಡು ನಿಮಿಷ ಸಾಗಿ, ಹೆಡಿಂಗಿಗೂ ಜಿಪಿಎಸ್ ತೋರಿಸುವ ಸಾಗಿದ ದಿಕ್ಕಿಗೂ ಇರುವ ವ್ಯತ್ಯಾಸ ನೋಡಿ. ದೋಣಿ ಗಾಳಿಗೆ ಪಕ್ಕಕ್ಕೆ ಜಾರುವುದು ಎರಡೂ ಕಡೆ ಸಮನಾಗಿರಬೇಕು. ಒಂದರಲ್ಲಿ 7 ಡಿಗ್ರಿ, ಇನ್ನೊಂದರಲ್ಲಿ 1 ಡಿಗ್ರಿ ಬಂದರೆ ಉಪಕರಣ 3 ಡಿಗ್ರಿ ಸೊಟ್ಟಗೆ ಕೂತಿದೆ.

ದಡಕ್ಕೆ ಬಂದ ಮೇಲಿನ ಕೆಲಸದಲ್ಲೇ ಕೋಚಿನ ಪಾತ್ರ. ದತ್ತಾಂಶವನ್ನು ಫೋನಿಗೆ ಇಳಿಸಿಕೊಂಡು ಕಂಪನಿಯ ಆ್ಯಪಿನಲ್ಲೇ ನೋಡಬಹುದು, ಚಾರ್ಟೆಡ್‌ಸೇಲ್ಸ್, ನ್ಯೋರ್ಡ್‌ನಂಥ ಹೊರಗಿನ ಸಾಫ್ಟ್‌ವೇರಿಗೂ ಹಾಕಬಹುದು. ಇಡೀ ರೇಸನ್ನು ಮತ್ತೆ ಓಡಿಸಿ ನೋಡುವುದು ಸಿನಿಮಾ ನೋಡಿದಷ್ಟೇ ಉಪಯೋಗ. ಒಳ್ಳೆಯ ಕೋಚ್ ಮೂರು ತುಂಡು ಮಾತ್ರ ಆರಿಸುತ್ತಾರೆ: ಸ್ಟಾರ್ಟಿನ ಹಿಂದಿನ 60 ಸೆಕೆಂಡು, ನಂತರದ ಎರಡು ನಿಮಿಷ, ಸುತ್ತಿ ಬರಬೇಕಾದ ಮೊದಲ ಮಾರ್ಕಿಗೆ (ತೇಲುಗುರುತಿಗೆ) ಮುಂಚಿನ ಕೊನೆಯ ಎರಡು ಟ್ಯಾಕು. ಮೊದಲ ತುಂಡಿನಲ್ಲಿ ಹಾಯಿ ಎಳೆದದ್ದು ತಡವೋ ಬೇಗವೋ ತಿಳಿಯುತ್ತದೆ. ಎರಡನೆಯದರಲ್ಲಿ ಪಕ್ಕದ ದೋಣಿಯ ಕೆಟ್ಟ ಗಾಳಿಯಲ್ಲಿ ಎಷ್ಟು ಹೊತ್ತು ಉಳಿದಿರಿ ಎಂಬುದು. ಮೂರನೆಯದರಲ್ಲಿ ಲೇಲೈನಿಗೆ (ಮತ್ತೆ ಟ್ಯಾಕ್ ಮಾಡದೆ ನೇರ ಮಾರ್ಕು ತಲುಪಿಸುವ ಗೆರೆಗೆ) ಬೇಗ ಹೋಗಿ ಸಿಕ್ಕಿಬಿದ್ದದ್ದು, ಇಲ್ಲವೇ ಅದನ್ನು ದಾಟಿ ದೂರ ಪೋಲು ಮಾಡಿದ್ದು. ಈ ಎರಡನೆಯ ತುಂಡು ಒಂದೇ ದೋಣಿಯ ಜಾಡಿನಲ್ಲಿ ಕಾಣುವುದೇ ಇಲ್ಲ. ನಿಮ್ಮ ವೇಗ ಕುಸಿದದ್ದು ಗಾಳಿ ಇಳಿದದ್ದಕ್ಕೋ, ಟ್ರಿಮ್ (ಹಾಯಿಯ ಹೊಂದಾಣಿಕೆ) ಕೆಟ್ಟದ್ದಕ್ಕೋ, ಮುಂದಿನ ದೋಣಿಯ ನೆರಳಿಗೋ ಎಂದು ಹೇಳಲು ಪಕ್ಕದಲ್ಲಿ ಇನ್ನೊಂದು ಜಾಡು ಬೇಕು.

ಟ್ಯಾಕಿನ ನಷ್ಟ ಅಳೆಯುವುದೂ ಇಲ್ಲೇ. ವೇಗ 5.8ರಿಂದ 3.6ಕ್ಕೆ ಬಿದ್ದು ಮತ್ತೆ ಮೇಲೇರಲು 10 ಸೆಕೆಂಡು ಹಿಡಿಯಿತು, ಸರಾಸರಿ ಕೊರತೆ 1.3 ನಾಟ್ ಎಂದಾದರೆ ಕಳೆದುಕೊಂಡದ್ದು ಸುಮಾರು 7 ಮೀಟರ್. ಟ್ಯಾಕಿನ ನಂತರ ಬೇಗನೆ ಗಾಳಿಯತ್ತ ಏರಲು ಹೋದವರ ಗ್ರಾಫಿನಲ್ಲಿ ವೇಗ ಅರ್ಧಕ್ಕೇರಿ ಅಲ್ಲೇ ಚಪ್ಪಟೆಯಾಗಿರುತ್ತದೆ. ಪರಿಹಾರ ಸರಳ: ಮೂರ್ನಾಲ್ಕು ಡಿಗ್ರಿ ಕೆಳಗೇ ಹೊರಬನ್ನಿ, ಹಾಯಿಯನ್ನು ಪೂರ್ತಿ ಎಳೆಯದೆ ವೇಗ ಬಂದ ಮೇಲೆ ಬಿಗಿ ಮಾಡಿ.

ಟ್ರಿಮ್ ಪರೀಕ್ಷೆಗೆ ಎರಡು ದೋಣಿ ಎರಡು ಮೂರು ದೋಣಿಯುದ್ದದ ಅಂತರದಲ್ಲಿ ಸಮಕ್ಕೆ ನಿಂತು ಐದು ನಿಮಿಷ ಒಂದೇ ಟ್ಯಾಕಿನಲ್ಲಿ ಸಾಗಬೇಕು. ಒಂದು ದೋಣಿ ಏನನ್ನೂ ಮುಟ್ಟಬಾರದು, ಇನ್ನೊಂದು ಒಂದೇ ಒಂದನ್ನು ಬದಲಿಸಬೇಕು, ಜಿಬ್ ಲೀಡ್ (ಮುಂದಿನ ಹಾಯಿಯ ಹಗ್ಗ ಹಾಯುವ ಜಾಗ) ಒಂದು ತೂತು ಅಥವಾ ಶ್ರೌಡ್ (ಮಾಸ್ಟನ್ನು ಪಕ್ಕದಿಂದ ಬಿಗಿದ ತಂತಿ) ಒಂದು ಸುತ್ತು. ಆಮೇಲೆ ಜಾಗ ಅದಲುಬದಲು ಮಾಡಿ ಮತ್ತೊಮ್ಮೆ. ಓದುವಾಗ ಕ್ಷಣದ ವೇಗ ಬೇಡ, ಅಲೆಯ ಮೇಲೆ ಮಾಸ್ಟು ಓಲಾಡುವುದೂ ಅದರಲ್ಲಿ ಸೇರಿರುತ್ತದೆ. ಹತ್ತು ಸೆಕೆಂಡಿನ ಸರಾಸರಿ ತೆಗೆದುಕೊಂಡು, ಪಕ್ಕದಲ್ಲಿ ವಾಲಿಕೆಯ ಕೋನವಿಟ್ಟು ನೋಡಿ. ವಾಲಿಕೆ ಹೆಚ್ಚಾದಲ್ಲೆಲ್ಲ ವೇಗ ಬಿದ್ದಿದ್ದರೆ ತಪ್ಪು ಶ್ರೌಡಿನದಲ್ಲ, ಅಂಚಿನಲ್ಲಿ ಕೂರಬೇಕಾದ ಸಿಬ್ಬಂದಿಯದು.

ಕೊಳ್ಳುವ ಮುನ್ನ ನಿಮ್ಮ ಕ್ಲಾಸಿನ (ದೋಣಿಯ ಮಾದರಿಯ) ನಿಯಮ ಓದಿ. ಐಎಲ್‌ಸಿಎ, ಆಪ್ಟಿಮಿಸ್ಟ್‌ನಂಥ, ಒಬ್ಬರೇ ಓಡಿಸುವ ಪುಟ್ಟ ದೋಣಿಗಳ ಕ್ಲಾಸುಗಳಲ್ಲಿ ರೇಸಿನ ವೇಳೆ ಜಿಪಿಎಸ್ ಬಳಸುವಂತಿಲ್ಲ, ಸಂಘಟಕರೇ ಅನುಮತಿಸಿದರೆ ಮಾತ್ರ ಬೇರೆ ಮಾತು. ಐಎಲ್‌ಸಿಎಯವರಿಗೆ ರೇಸಿಗೆ ವೆಲೊಸಿಟೆಕ್ ಪ್ರಿಸ್ಮ್‌ನಂಥ ಸೌರಶಕ್ತಿಯ ಡಿಜಿಟಲ್ ದಿಕ್ಸೂಚಿ ಸಾಕು, ಅಟ್ಲಾಸ್ ಅಭ್ಯಾಸಕ್ಕಷ್ಟೆ. ಸ್ಟಾರ್ಟ್ ಲೈನಿನ ದೂರ ಮಾತ್ರ ಬೇಕೆನ್ನುವ ಕೀಲ್‌ಬೋಟಿನವರು (ತಳದಲ್ಲಿ ಭಾರದ ಪಟ್ಟಿಯಿರುವ ದೋಣಿಯವರು) ವೆಲೊಸಿಟೆಕ್ ಕಂಪನಿಯದೇ ಪ್ರೋಸ್ಟಾರ್ಟನ್ನು ನೋಡಬಹುದು. ಹಳೆಯದು, ದೊಡ್ಡ ಅಂಕಿಗಳದು, ಬಳಸಲು ಸುಲಭ.

ವಿದೇಶದಿಂದ ತರಿಸಿ ಸುಂಕ ಕಟ್ಟುವಷ್ಟರಲ್ಲಿ ಒಂದು ಅಟ್ಲಾಸಿನ ಖರ್ಚು ಸಾಕಷ್ಟು ಏರುತ್ತದೆ, ಕೆಟ್ಟರೆ ಕಳಿಸುವ ಖರ್ಚೂ ನಿಮ್ಮದೇ. ಹೊಸದಾಗಿ ತರಬೇತಿ ಶುರುಮಾಡುವ ಕ್ಲಬ್ಬಾದರೆ ಮೊದಲ ಋತುವಿಗೆ ನಾಲ್ಕು ಹಳೆಯ ಫೋನುಗಳನ್ನು ನೀರುನಿರೋಧಕ ಚೀಲಕ್ಕೆ ಹಾಕಿ, ಬಿಸಿಲಿಗೆ ಕಾಯದಂತೆ ಬಿಳಿ ಬಟ್ಟೆ ಸುತ್ತಿ, ದೋಣಿಗೊಂದರಂತೆ ಕಟ್ಟಿ. ರೇಸ್‌ಕ್ಯೂಸ್‌ನಂಥ ಆ್ಯಪು ಜಾಡನ್ನು ದಾಖಲಿಸುತ್ತದೆ. ಸ್ಟಾರ್ಟಿನ ನಿಖರತೆ ಸಿಗುವುದಿಲ್ಲ, ಆದರೆ ಯಾರು ಯಾವ ಕಡೆ ಹೋದರು, ಎಲ್ಲಿ ಟ್ಯಾಕ್ ಮಾಡಿದರು, ಎಲ್ಲಿ ಕಳೆದುಕೊಂಡರು ಎಂಬುದಕ್ಕೆ 3 ಮೀಟರಿನ ತಪ್ಪು ಅಡ್ಡಿಯಲ್ಲ. ಉಳಿದ ಹಣವನ್ನು ವಾರಾಂತ್ಯದ ಕೋಚಿಗೆ ಕೊಡಿ. ಅಟ್ಲಾಸನ್ನು ಎರಡನೆಯ ವರ್ಷ ಜೋಡಿಯಾಗಿ ತರಿಸಿ.