ಕಪಾಟಿನ ಬಾಗಿಲಿಗೆ ಬಣ್ಣ ಹೊಡೆಯಲು ಯಾವ ಸ್ಪ್ರೇಯರ್? – ಮೂರು ಯಂತ್ರಗಳ ಹೋಲಿಕೆ

ಅಡುಗೆಮನೆ ಕಪಾಟಿನ ಪ್ಲೈವುಡ್ ಬಾಗಿಲುಗಳು, ಒಂದು ಹಳೆಯ ಸ್ಟೀಲ್ ಬೀರು ಮತ್ತು ಕಿಟಕಿಯ ಗ್ರಿಲ್‌ಗಳಿಗೆ ಎನಾಮಲ್ ಬಣ್ಣ ಹೊಡೆಯಲು ನಾನು ಮೂರು ಬಗೆಯ ಸ್ಪ್ರೇಯರ್‌ಗಳನ್ನು ಬಳಸಿ ನೋಡಿದೆ: ಪ್ಲಗ್ ಹಾಕಿ ಕೈಯಲ್ಲೇ ಹಿಡಿದು ನಡೆಸುವ, ಹೆಚ್ಚು ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಊದುವ ಎಚ್‌ವಿಎಲ್‌ಪಿ ಸ್ಪ್ರೇಯರ್ (ಮುಂದೆ ‘ಕೈ ಸ್ಪ್ರೇಯರ್’), ಸಣ್ಣ ಕಂಪ್ರೆಸರ್‌ಗೆ ಜೋಡಿಸುವ ಗನ್ ಮತ್ತು ಬಾಡಿಗೆಗೆ ತಂದ ಏರ್‌ಲೆಸ್ ಯಂತ್ರ.

ಏರ್‌ಲೆಸ್ ಯಂತ್ರವು ಗಾಳಿಯ ನೆರವಿಲ್ಲದೆ ಬಣ್ಣವನ್ನೇ 1,500 ಪಿಎಸ್‌ಐಗೂ ಮೀರಿದ ಒತ್ತಡದಲ್ಲಿ ನೂಕುತ್ತದೆ. ಖಾಲಿ ಮನೆಯ ಗೋಡೆಗಳಿಗೆ ಎಮಲ್ಷನ್ ಹೊಡೆಯಲು ಅದಕ್ಕೆ ಸಾಟಿಯಿಲ್ಲ. ಆದರೆ ಕಾಲು ಇಂಚು ಒಳ ಅಳತೆಯ 15 ಮೀಟರ್ ಪೈಪಿನಲ್ಲೇ ಸುಮಾರು ಅರ್ಧ ಲೀಟರ್ ಬಣ್ಣ ನಿಲ್ಲುತ್ತದೆ. ಒಟ್ಟು ಒಂದೆರಡು ಲೀಟರಿನಲ್ಲಿ ಮುಗಿಯುವ ಕೆಲಸಕ್ಕೆ ಇದು ದುಬಾರಿ. ಅದರ ಧಾರೆ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಹಾಗಾಗಿ ಸಣ್ಣ ಕೆಲಸಕ್ಕೆ ಇದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ನುಣುಪಿನಲ್ಲಿ ಕಂಪ್ರೆಸರ್ ಗನ್ನೇ ಮೇಲು. 1.4 ಮಿ.ಮೀ. ನಾಜಲ್ ಹಾಕಿ ಹೊಡೆದ ಬೀರಿನ ಬಾಗಿಲಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಅಂಚು ಕದಡದೆ ಕಾಣಿಸಿತು. ಕೈ ಸ್ಪ್ರೇಯರ್ ಹೊಡೆದ ಬಾಗಿಲನ್ನು ಓರೆಯಾಗಿ ನೋಡಿದರೆ ಕಿತ್ತಳೆ ಸಿಪ್ಪೆಯಂಥ ಸಣ್ಣ ಉಬ್ಬುತಗ್ಗು ಅಲ್ಲಲ್ಲಿ ಉಳಿದಿತ್ತು. ಆದರೆ ಸಣ್ಣ ಟ್ಯಾಂಕಿನ ಕಂಪ್ರೆಸರ್, ಗನ್ ಬೇಡುವಷ್ಟು ಗಾಳಿಯನ್ನು ಸತತವಾಗಿ ಒದಗಿಸಲಾರದು. ಅಗಲವಾದ ಬಾಗಿಲಿನ ನಡುವೆಯೇ ಒತ್ತಡ ಇಳಿದು, ಹನಿ ದಪ್ಪವಾಗತೊಡಗಿದಾಗ ಕೈ ನಿಲ್ಲಿಸಿ ಟ್ಯಾಂಕ್ ತುಂಬುವವರೆಗೆ ಕಾಯಬೇಕು. ಮಳೆಗಾಲದ ತೇವದಲ್ಲಿ ಟ್ಯಾಂಕಿನೊಳಗೆ ನೀರು ಕೂಡುತ್ತದೆ. ನೀರು ತಡೆಯುವ ಫಿಲ್ಟರ್ ಇಲ್ಲದಿದ್ದರೆ ಆ ಹನಿ ಬಣ್ಣದ ಮೇಲೆ ಕುಳಿ ಬೀಳಿಸುತ್ತದೆ. ಮೋಟಾರು ಶುರುವಾಗುವಾಗ ಎಳೆಯುವ ಕರೆಂಟು ಹೆಚ್ಚಾದ್ದರಿಂದ ದೊಡ್ಡ ಪಿನ್ನಿನ ಪವರ್ ಸಾಕೆಟ್ಟೂ ಬೇಕು.

ಕೈ ಸ್ಪ್ರೇಯರ್‌ಗೆ ಈ ತಾಪತ್ರಯಗಳಿಲ್ಲ. ಅದರ ಗುಣವೆಲ್ಲ ಬಣ್ಣವನ್ನು ಎಷ್ಟು ತೆಳುಮಾಡುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಅದರ ಜೊತೆಗೆ ಬರುವ, ಬಣ್ಣದ ಗಟ್ಟಿತನ ಅಳೆಯುವ, ತಳದಲ್ಲಿ ತೂತಿರುವ ಬಟ್ಟಲನ್ನು ಬಹಳ ಜನ ಮೂಲೆಗೆ ಎಸೆಯುತ್ತಾರೆ. ಆ ಬಟ್ಟಲೇ ಈ ಯಂತ್ರದ ಜೀವಾಳವೆಂದು ನನ್ನ ಅಭಿಪ್ರಾಯ. ಡಬ್ಬದಿಂದ ತೆಗೆದ ಎನಾಮಲ್ ಅದರಿಂದ ಕಷ್ಟಪಟ್ಟು ಇಳಿಯುತ್ತದೆ. ಟರ್ಪೆಂಟೈನನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ, ಕೈಪಿಡಿಯಲ್ಲಿ ಹೇಳಿದಷ್ಟು ಸೆಕೆಂಡಿನಲ್ಲಿ ಬಟ್ಟಲು ಬರಿದಾಗುವ ಹದಕ್ಕೆ ತಂದು, ನೈಲಾನ್ ಬಟ್ಟೆಯಲ್ಲಿ ಸೋಸಿ ಹಾಕಿದಾಗ ನಾಜಲ್ ದಪ್ಪ ಹನಿಗಳನ್ನು ಉಗುಳುವುದು ನಿಂತು ಬಣ್ಣ ಸಮನಾಗಿ ಹರಡಿತು. ನಾಜಲನ್ನು 20–25 ಸೆಂ.ಮೀ. ದೂರದಲ್ಲಿಟ್ಟು, ಮಣಿಕಟ್ಟು ತಿರುಗಿಸದೆ ತೋಳನ್ನೇ ಸರಿಸುತ್ತ, ಹಿಂದಿನ ಪಟ್ಟೆಯ ಅರ್ಧ ಮುಚ್ಚುವಂತೆ ತೆಳುವಾದ ಎರಡು ಕೋಟ್ ಹೊಡೆದರೆ, ಮೊದಲ ಕೋಟ್ ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದ್ದರೆ, ಅಡುಗೆಮನೆಯ ಬಾಗಿಲಿಗೆ ಬೇಕಾದ ನುಣುಪು ಖಂಡಿತ ಸಿಗುತ್ತದೆ.

ಗ್ರಿಲ್‌ಗೆ ಮೂರೂ ಬೇಡ. ಕಂಬಿಗಳ ಸಂದಿಯಿಂದ ಬಣ್ಣದ ಬಹುಪಾಲು ಆಚೆ ಹಾರಿಹೋಗುತ್ತದೆ; ರೆಡ್ ಆಕ್ಸೈಡ್ ಪ್ರೈಮರನ್ನೂ ಎನಾಮಲನ್ನೂ ಬ್ರಷ್‌ನಲ್ಲೇ ಹಚ್ಚುವುದು ಮಿತವ್ಯಯ.

ಯಾವ ಯಂತ್ರವಾದರೂ ಬಾಗಿಲುಗಳನ್ನು ಕಳಚಿ ಹೊರಗೆ ತಂದು ಹೊಡೆಯಿರಿ. ಟರ್ಪೆಂಟೈನ್ ಆವಿ ಹೊತ್ತಿಕೊಳ್ಳಲು ಒಲೆಯ ಕಿಡಿ ಸಾಕು, ಮತ್ತು ಆ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ಇಂಗಾಲದ ಫಿಲ್ಟರ್ ಇರುವ ಮಾಸ್ಕ್ ಬೇಕು. ವರ್ಷಕ್ಕೊಮ್ಮೆ ಇಂಥ ಕೆಲಸ ಮಾಡುವವರಿಗೆ ಕೈ ಸ್ಪ್ರೇಯರ್ ಸಾಕು. ಟೈರಿಗೆ ಗಾಳಿ ಹಾಕಲು, ದೂಳು ಊದಲು ಕಂಪ್ರೆಸರ್ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ಅದಕ್ಕೊಂದು ಗನ್ನನ್ನೂ ಫಿಲ್ಟರನ್ನೂ ಕೊಳ್ಳುವುದು ಜಾಣತನ.