ಮೀನಿನ ನೀರಿನ ಟೆಸ್ಟ್ ಕಿಟ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ವಿಜಯಪುರ. ಮನೆಯಲ್ಲಿ ಎರಡಡಿಯ ಅಕ್ವೇರಿಯಂ ಇದೆ, ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಪ್ಪಿ, ಮಾಲಿ ಸಾಕಿದ್ದೇನೆ. ಎರಡೂ ಗಡಸು ನೀರಿಗೆ ಒಗ್ಗುವ ಮೀನು, ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗೆ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಂದು ಎರಡೂವರೆ ವರ್ಷ ಆಯ್ತು. ಮೂರು ಸಾವಿರ ಚಿಲ್ಲರೆ ಕೊಟ್ಟಿದ್ದೆ. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನಾಲ್ಕೂ ನೋಡಬಹುದು. ಕಂಪನಿ ಹೆಸರು ಬರೆಯುವುದಿಲ್ಲ. ತಪ್ಪು ಜಾಸ್ತಿ ನನ್ನದೇ ಇತ್ತು.

ಇದಕ್ಕಿಂತ ಮೊದಲು ಸ್ಟ್ರಿಪ್ ತಂದಿದ್ದೆ. ಅದ್ದಿ ತೆಗೆದರೆ ಆಯ್ತು, ಸುಲಭ. ಆದರೆ ನಾನು ತಂದ ಸ್ಟ್ರಿಪ್‌ನಲ್ಲಿ ಅಮೋನಿಯಾ ನೋಡಲು ಬರುತ್ತಲೇ ಇರಲಿಲ್ಲ. ಹೊಸ ತೊಟ್ಟಿಯಲ್ಲಿ ಮೀನು ಸಾಯೋದು ಹೆಚ್ಚಾಗಿ ಅದರಿಂದಲೇ ಅಲ್ವಾ? ಮೀನಿನ ಹೇಲು, ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಸ್ವಲ್ಪ ಉಸಿರು. ಇವೆಲ್ಲ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಆ ಆರು ವಾರ ನಾನು ದಿನಾ ಟೆಸ್ಟ್ ಮಾಡಿದೆ. ಕೊಳವೆಗೆ 5 ಎಂಎಲ್ ನೀರು, ಎಣಿಸಿ ಹನಿ, ಐದು ನಿಮಿಷ ಕಾಯೋದು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಹಸಿರು ಕಂಡ ದಿನ ಕಾಲು ಭಾಗ ನೀರು ಬದಲಿಸುತ್ತಿದ್ದೆ. ಅವ್ವ ನೋಡಿ ನೋಡಿ ಸಾಕಾಗಿ, "ಮುಂಜಾನೆದ್ದು ನೀರಿಗೆ ಬಣ್ಣಾ ಕಲಸ್ಕೋತ ಕುಂದರ್ತಿ, ಮೀನೇನು ಓಕಳಿ ಆಡ್ತಾವೇನೋ?" ಅಂದಳು. ಆರನೇ ವಾರದ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಅಲ್ಲಿಂದ ವಾರಕ್ಕೊಮ್ಮೆ ಮಾಡಿದೆ.

ವಾರಕ್ಕೊಮ್ಮೆ ಮಾಡುತ್ತಾ ಒಂದು ವರ್ಷ ಮೋಸ ಹೋದೆ. ನೈಟ್ರೇಟ್ ಯಾವಾಗಲೂ ಲೀಟರಿಗೆ 5 ಮಿಲಿಗ್ರಾಂ ಅಂತ ತೋರಿಸುತ್ತಿತ್ತು. ನಾನು ಖುಷಿ. ಆದರೆ ಗಾಜಿನ ಮೇಲೆ ಪಾಚಿ ಬೆಳೆಯೋದು ನಿಲ್ಲಲೊಲ್ಲದು, ಗಪ್ಪಿಗಳ ಬಾಲ ಮುದುಡಿಕೊಂಡೇ ಇರುತ್ತಿತ್ತು. ಎರಡು ಸತ್ತವು. ಕೊನೆಗೆ ಕಿಟ್ ಜೊತೆ ಬಂದ ಚೀಟಿ ಹುಡುಕಿ ಓದಿದೆ. ನೈಟ್ರೇಟಿನ ಎರಡನೇ ಬಾಟಲಿಯನ್ನು 30 ಸೆಕೆಂಡು ಜೋರಾಗಿ ಅಲ್ಲಾಡಿಸಬೇಕು, ಹನಿ ಹಾಕಿದ ಮೇಲೆ ಕೊಳವೆಯನ್ನು ಪೂರಾ ಒಂದು ನಿಮಿಷ. ಒಳಗಿನ ಪುಡಿ ತಳಕ್ಕೆ ಕೂತಿರುತ್ತದೆ, ಕಲಕದಿದ್ದರೆ ಸುಳ್ಳು ಹೇಳುತ್ತದೆ. ನಾನು ಸುಮ್ನೆ ಎರಡು ಸಲ ತಿರುಗಿಸಿ ಬಿಡುತ್ತಿದ್ದೆ! ಕೈ ನೋಯುವ ತನಕ ಅಲ್ಲಾಡಿಸಿದೆ. ಅದೇ ನೀರು ಕುಂಕುಮದ ನೀರಿನ ಹಾಗೆ ಕೆಂಪಾಯಿತು. 80.

ನೀರು ಬದಲಿಸಿದೆ. ವಾರಕ್ಕೆ ಕಾಲು ಭಾಗ, ಒಂದೂವರೆ ತಿಂಗಳು. ಆದರೂ 40ರ ಕೆಳಗೆ ಇಳಿಯಲಿಲ್ಲ. ಆಗ ತಲೆಗೆ ಹೊಳೆಯಿತು, ನಮ್ಮ ಬೋರಿನ ನೀರನ್ನೇ ಟೆಸ್ಟ್ ಮಾಡಿದೆ. ಅದೇ 40! ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಈಗ ಕಾರ್ಪೊರೇಷನ್ ನಳದ ನೀರಿಗೆ ಆರ್‌ಒ ನೀರು ಕೂಡಿಸಿ ಹಾಕುತ್ತೇನೆ, 20ರ ಆಚೀಚೆ ನಿಂತಿದೆ. ನಳದ ನೀರಿನ ಕ್ಲೋರಿನ್ ಈ ಕಿಟ್‌ನಲ್ಲಿ ಕಾಣುವುದಿಲ್ಲ. ಹಾಗಾಗಿ ಕ್ಲೋರಿನ್ ಹೋಗಿಸುವ ಔಷಧಿ ಹಾಕಿಯೇ ತೊಟ್ಟಿಗೆ ಸುರಿಯೋದು.

ಈಗ ಎಷ್ಟು ಸಲ ಮಾಡುತ್ತೇನೆ ಅಂದರೆ, ನೈಟ್ರೇಟ್ ಹದಿನೈದು ದಿನಕ್ಕೊಮ್ಮೆ. ಅಮೋನಿಯಾ, ನೈಟ್ರೈಟ್‌ಗೆ ವಾರದ ಲೆಕ್ಕ ಇಟ್ಟಿಲ್ಲ. ಹೊಸ ಮೀನು ಬಿಟ್ಟಾಗ, ಸ್ಪಂಜು ತೊಳೆದಾಗ, ಕರೆಂಟು ಅರ್ಧ ದಿನ ಹೋಗಿ ಫಿಲ್ಟರ್ ನಿಂತಾಗ, ನಳ ಬರದೆ ಟ್ಯಾಂಕರ್ ತರಿಸಿದಾಗ, ಮೀನು ಸತ್ತದ್ದು ತಡವಾಗಿ ಕಂಡಾಗ ಮೂರ್ನಾಲ್ಕು ದಿನ ಬಿಡದೆ ನೋಡುತ್ತೇನೆ. ಟ್ಯಾಂಕರ್ ನೀರನ್ನಂತೂ ತೊಟ್ಟಿಗೆ ಹಾಕುವ ಮೊದಲೇ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ವಾರ ತಪ್ಪಿಸುವುದಿಲ್ಲ. ನೀರು ಬಿಸಿಯಾದಷ್ಟು ಅಮೋನಿಯಾದ ವಿಷ ಜಾಸ್ತಿ. ಪಿಎಚ್ 7 ಇದ್ದದ್ದು 8 ಆದರೆ ಸುಮಾರು ಹತ್ತು ಪಟ್ಟು. ನಮ್ಮ ನೀರು 8ರ ಹತ್ತಿರವೇ ಇರುತ್ತದೆ.

ಬೇಜಾರು ಎರಡು. ನೀರಿನ ಗಡಸುತನ ನೋಡುವ ಬಾಟಲಿ ಇದರಲ್ಲಿಲ್ಲ. ಬಕೆಟ್ಟಿಗೆಲ್ಲ ಬಿಳಿ ಪದರ ಕಟ್ಟುವ ನಮ್ಮ ಊರಿಗೆ ಮೊದಲು ಬೇಕಾದದ್ದು ಅದೇ. ಇನ್ನೊಂದು, ಅಮೋನಿಯಾದ 0 ಮತ್ತು 0.25ರ ಬಣ್ಣ ರಾತ್ರಿ ಬಲ್ಬಿನ ಕೆಳಗೆ ಬೇರೆ ಅಂತ ಗೊತ್ತೇ ಆಗಲ್ಲ. ಹಗಲು ಹೊತ್ತು ಕಿಟಕಿ ಹತ್ತಿರ, ಹಿಂದೆ ಬಿಳಿ ಹಾಳೆ ಹಿಡಿದು ನೋಡಬೇಕು. ನೈಟ್ರೇಟ್ ಬಾಟಲಿಗಳು ಬೇಗ ಖಾಲಿಯಾಗುತ್ತವೆ, ಒಂದು ಸಲಕ್ಕೆ ಹತ್ತು ಹತ್ತು ಹನಿ ಬೇಕಲ್ಲ. ಉಳಿದವು ಇನ್ನೂ ಅರ್ಧ ಇವೆ. ಅವಧಿ ಮುಗಿಯುತ್ತ ಬಂದಿದೆ, ಮುಂದಿನ ಸಲವೂ ಇದನ್ನೇ ತರುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್.

ಬೋರಿನ ಸುದ್ದಿ ಓಣಿಯಲ್ಲಿ ಹರಡಿದ ಮೇಲೆ ಭಾನುವಾರಕ್ಕೊಬ್ಬರು ನೀರು ಹಿಡಿದುಕೊಂಡು ಬರುತ್ತಾರೆ. ಬಾಟಲಿ ತೊಳೆದು ತರ್ರಿ ಅಂತ ಈಗ ಮೊದಲೇ ಹೇಳುತ್ತೇನೆ. ಹೋದ ವಾರ ಹಿಂದಿನ ಮನೆಯ ಕಾಕಾ ಉಪ್ಪಿನಕಾಯಿ ಬಾಟಲಿಯಲ್ಲಿ ತಂದಿದ್ದರು. ಮೇಲೆ ಎಣ್ಣೆ ತೇಲುತ್ತಿತ್ತು.