ಮೂರು ಇನ್‌ಬಾಕ್ಸ್, ಒಂದೇ ದನಿ: ಸ್ಕ್ರೀನ್ ರೀಡರ್‌ನಲ್ಲಿ ಮೇಲ್ ನೋಡಿದ ಅನುಭವ

ನನಗೆ ಕಣ್ಣು ಕಾಣುವುದಿಲ್ಲ. ಆದರೂ ದಿನಾ ಮೇಲ್ ನೋಡುತ್ತೇನೆ. 'ಮೇಲ್ ಕೇಳಿದೆ' ಅಂತ ಯಾರೂ ಹೇಳಲ್ಲ, ಅಲ್ವಾ? ವಿಂಡೋಸ್ ಕಂಪ್ಯೂಟರ್‌ನಲ್ಲಿ ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರೂ ಕಣ್ಣು ಕಾಣದವರೇ, 2006ರಲ್ಲಿ ಶುರು ಮಾಡಿದ ಸ್ಕ್ರೀನ್ ರೀಡರ್ ಅದು, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಪ್ರೋಗ್ರಾಂ. ದುಡ್ಡು ಕೊಡಬೇಕಾಗಿಲ್ಲ. ಅದೊಂದನ್ನೇ ಇಟ್ಟುಕೊಂಡು ಮೂರು ಕಡೆ ಮೇಲ್ ನೋಡಿದೆ: ಬ್ರೌಸರ್‌ನಲ್ಲಿ ಜೀಮೇಲ್, ಆಮೇಲೆ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ, ಕೊನೆಗೆ ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್. ಒಂದೊಂದಕ್ಕೂ ಎರಡೆರಡು ವಾರ.

ಒಂದು ಮೇಲ್ ತೆರೆದ ಮೇಲೆ ಮೂರರಲ್ಲೂ ಓದುವುದಕ್ಕೆ ತೊಂದರೆಯಿಲ್ಲ. ವ್ಯತ್ಯಾಸ ಗೊತ್ತಾಗುವುದು ಪಟ್ಟಿಯಲ್ಲಿ. ಕಣ್ಣಿರುವವರು ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ ಬೇಡದ್ದನ್ನು ಬಿಡುತ್ತಾರೆ. ನನಗೆ ಒಂದೊಂದೇ ಪದ ಕಿವಿಗೆ ಬೀಳಬೇಕು. ಬೆಳಿಗ್ಗೆ ನಲವತ್ತು ಮೇಲ್ ಬಂದಿದ್ದರೆ, ಒಂದೊಂದರಲ್ಲೂ ಎಷ್ಟು ಪದ ಕೇಳಿಸಿಕೊಂಡ ಮೇಲೆ ಡಿಲೀಟ್ ಒತ್ತಬಹುದು? ನಾನು ಅಳೆದದ್ದು ಇಷ್ಟನ್ನೇ.

ಜೀಮೇಲ್‌ನಲ್ಲಿ ಒಂದು ಸಾಲು ಹೀಗೆ ಕೇಳುತ್ತದೆ: ಅಕ್ಕ, ನಾಳೆ ಎಷ್ಟು ಗಂಟೆಗೆ, ಹೋದ ಸಲದ ಹಾಗೆ ತಡ ಮಾಡಬೇಡ ಅಂತ ಮೊದಲೇ ಹೇಳ್ತಿದ್ದೀನಿ... ಕಳಿಸಿದವರು, ವಿಷಯ, ಅದರ ಹಿಂದೆಯೇ ಒಳಗಿನ ಬರಹದ ಬಾಲ. ಅಕ್ಕನ ಮೇಲ್ ಆದರೆ ಸರಿ, ಬಾಲವೂ ಕೇಳಬೇಕು. ಜಾಹೀರಾತಿನ ಮೇಲ್‌ಗೆ ಯಾಕೆ? ಸೆಟ್ಟಿಂಗ್ಸ್‌ನಲ್ಲಿ ಈ ಸ್ನಿಪೆಟ್ ಬೇಡ ಅಂತ ಆರಿಸಬಹುದು. ನಾನು ಮೊದಲು ಮಾಡಿದ ಕೆಲಸ ಅದೇ. ಎರಡನೆಯದು, ಅಲ್ಲೇ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿದ್ದು.

ಆ ಶಾರ್ಟ್‌ಕಟ್‌ಗಳಲ್ಲಿ ಒಂದು ಗೊಂದಲ ಇದೆ. ವೆಬ್ ಪುಟದಲ್ಲಿ ಎನ್‌ವಿಡಿಎಗೆ ಎರಡು ಮೋಡ್. ಬ್ರೌಸ್ ಮೋಡ್‌ನಲ್ಲಿ ಅಕ್ಷರಗಳೆಲ್ಲ ಅದರ ಸ್ವತ್ತು: ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಲಿಂಕ್, ಇ ಒತ್ತಿದರೆ ಟೈಪ್ ಮಾಡುವ ಜಾಗ. ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ ಫೋಕಸ್ ಮೋಡ್‌ಗೆ ಹೋದರೆ ಅದೇ ಅಕ್ಷರಗಳು ಜೀಮೇಲ್ ಪಾಲಿಗೆ. ಆಗ ಕೆ ಅಂದರೆ ಪಟ್ಟಿಯಲ್ಲಿ ಒಂದು ಮೇಲಕ್ಕೆ, ಇನ್ನೂ ಹೊಸದಾದ ಮೇಲ್‌ಗೆ; ಇ ಅಂದರೆ ಆರ್ಕೈವ್, ಅಂದರೆ ಮೇಲನ್ನು ಅಳಿಸದೆ ಇನ್‌ಬಾಕ್ಸ್‌ನಿಂದ ಆಚೆ ಇಡುವುದು. ಮೋಡ್ ಬದಲಾದಾಗ ಒಂದು ಪುಟ್ಟ ಸದ್ದು ಬರುತ್ತದೆ. ಒಂದು ದಿನ ಆ ಸದ್ದಿನ ಕಡೆ ಗಮನ ಕೊಡದೆ, ಹುಡುಕುವ ಪೆಟ್ಟಿಗೆಗೆ ಹೋಗೋಣ ಅಂತ ಇ ಒತ್ತಿದೆ. ಏನೂ ಆದಂತೆ ಕಾಣಲಿಲ್ಲ. ಮತ್ತೆ ಒತ್ತಿದೆ. ಇನ್ನೊಮ್ಮೆ. ಮೂರು ಮೇಲ್ ಇನ್‌ಬಾಕ್ಸ್‌ನಿಂದ ಕಾಲ್ಕಿತ್ತಿದ್ದವು! ಝಡ್ ಒತ್ತಿದ್ದಕ್ಕೆ ಕೊನೆಯದು ವಾಪಸ್ ಬಂತು, ಉಳಿದೆರಡನ್ನು 'ಆಲ್ ಮೇಲ್'ನಿಂದ ಹುಡುಕಿ ತಂದೆ. ತಪ್ಪು ಪೂರ್ತಿ ನನ್ನದೇ. ಈಗ ಪಟ್ಟಿಯಲ್ಲಿ ಇರುವಷ್ಟು ಹೊತ್ತು ಫೋಕಸ್ ಮೋಡ್ ಬಿಡುವುದಿಲ್ಲ, ಹುಡುಕಬೇಕಾದರೆ ಸ್ಲ್ಯಾಶ್ ಒತ್ತುತ್ತೇನೆ.

ಹುಡುಕುವುದರಲ್ಲಿ ಮಾತ್ರ ಜೀಮೇಲ್‌ಗೆ ಸಾಟಿಯಿಲ್ಲ. ಯಾರಿಂದ ಬಂತು, ಎಷ್ಟು ಹಳೆಯದು, ಅಟ್ಯಾಚ್‌ಮೆಂಟ್ ಇದೆಯೋ ಇಲ್ಲವೋ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಕೇಳಬಹುದು. ಕಳಿಸಿದ ಮೇಲನ್ನು ವಾಪಸ್ ಎಳೆದುಕೊಳ್ಳಲು 30 ಸೆಕೆಂಡ್‌ವರೆಗೆ ಸಮಯ ಇಟ್ಟುಕೊಳ್ಳಬಹುದು. ಇದು ನನ್ನ ಮಾನ ಉಳಿಸಿದ್ದು ಒಂದೆರಡು ಸಲ ಅಲ್ಲ.

ಥಂಡರ್‌ಬರ್ಡ್‌ಗೆ ಬಂದಾಗ ಮೊದಲ ದಿನ ಏನೂ ವಿಶೇಷ ಅನ್ನಿಸಲಿಲ್ಲ. ಓದಿದ್ದು, ಸ್ಟಾರ್, ಅಟ್ಯಾಚ್‌ಮೆಂಟ್, ವಿಷಯ, ಹೆಸರು, ದಿನಾಂಕ ಅಂತ ಸುಮ್ನೆ ಉದ್ದಕ್ಕೆ ಹೇಳುತ್ತಾ ಹೋಯಿತು. ಆಮೇಲೆ ಗೊತ್ತಾಯಿತು, ಟೇಬಲ್ ವ್ಯೂನಲ್ಲಿ ಕಾಲಂ ಯಾವ ಸರದಿಯಲ್ಲಿದೆಯೋ ಅದೇ ಸರದಿಯಲ್ಲಿ ದನಿ ಓದುತ್ತದೆ. ಬೇಡದ ಕಾಲಂಗಳನ್ನು ತೆಗೆದೆ. ಹೆಸರನ್ನು ಮೊದಲಿಗೆ, ದಿನಾಂಕವನ್ನು ಕೊನೆಗೆ, ಗೆಳೆಯನ ಕೈಲಿ ಮೌಸ್‌ನಿಂದ ಎಳೆಸಿದೆ. ಈಗ 'ಅಕ್ಕ, ನಾಳೆ ಎಷ್ಟು ಗಂಟೆಗೆ', ಅಷ್ಟೇ. ಜಾಹೀರಾತು ಆದರೆ ಕಂಪನಿಯ ಹೆಸರು ಮುಗಿಯುವ ಮುಂಚೆಯೇ ಡಿಲೀಟ್.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಎನ್‌ವಿಡಿಎಯಲ್ಲಿ ಒಂದೊಂದು ಪ್ರೋಗ್ರಾಂಗೂ ಬೇರೆ ಪ್ರೊಫೈಲ್ ಇಡಬಹುದು. ಥಂಡರ್‌ಬರ್ಡ್‌ಗೆ ಮಾತಿನ ವೇಗ ಏರಿಸಿದೆ, ವಿರಾಮಚಿಹ್ನೆ ಓದುವುದನ್ನು ಕಡಿಮೆ ಮಾಡಿದೆ. ಆ ಕಿಟಕಿಗೆ ಬಂದ ಕೂಡಲೇ ದನಿ ತಾನಾಗಿ ಓಡಲು ಶುರು ಮಾಡುತ್ತದೆ. ಬ್ರೌಸರ್‌ನಲ್ಲಿ ಹಾಗೆ ಮಾಡಿದರೆ ಸುದ್ದಿ ಓದುವಾಗಲೂ ಅದೇ ಓಟ.

ಮೇಲ್‌ಗಳನ್ನು ಬರೀ ಪಠ್ಯವಾಗಿ ತೋರಿಸುವ ಆಯ್ಕೆ ವ್ಯೂ ಮೆನುವಿನಲ್ಲಿದೆ. 'ಗ್ರಾಫಿಕ್, ಲಿಂಕ್, ಗ್ರಾಫಿಕ್, ಲಿಂಕ್' ಅಂತ ಬಡಬಡಿಸುತ್ತಿದ್ದ ಮೇಲ್‌ಗಳು ತಣ್ಣಗಾದವು. ಎಫ್6 ಒತ್ತಿದರೆ ಒಂದು ಭಾಗದಿಂದ ಇನ್ನೊಂದಕ್ಕೆ, ಎನ್ ಒತ್ತಿದರೆ ಓದದ ಮುಂದಿನ ಮೇಲ್‌ಗೆ. ಹುಷಾರು, ಇಲ್ಲೂ ಒಂಟಿ ಅಕ್ಷರದ ಬಲೆ ಇದೆ: ಎ ಒತ್ತಿದರೆ ಆರ್ಕೈವ್.

ಔಟ್‌ಲುಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದಕ್ಕೆ ದುಡ್ಡು ಕೊಡಬೇಕು. ಮುಖ್ಯ ಆಜ್ಞೆಗಳೆಲ್ಲ ಕಂಟ್ರೋಲ್ ಜೊತೆಗೇ ಇರುವುದರಿಂದ ಅಕ್ಷರಗಳ ಜಗಳ ಕಡಿಮೆ. ಕಂಟ್ರೋಲ್, ಶಿಫ್ಟ್, ವಿ ಒತ್ತಿ ಫೋಲ್ಡರಿನ ಹೆಸರು ಟೈಪ್ ಮಾಡಿದರೆ ಮೇಲ್ ಅಲ್ಲಿಗೆ ಹೋಗುತ್ತದೆ. ಮೀಟಿಂಗ್ ಕರೆಗಳನ್ನು ಒಪ್ಪುವುದು, ಬಿಡುವುದು ಉಳಿದೆರಡಕ್ಕಿಂತ ಇಲ್ಲೇ ಸಲೀಸು. ಇಲ್ಲೂ ಒಳಗಿನ ಬರಹದ ಬಾಲ ಓದುವ ಮೆಸೇಜ್ ಪ್ರಿವ್ಯೂ ಮಾತ್ರ ಆಫ್ ಮಾಡಿಕೊಳ್ಳಿ. ಹೊಸ ಔಟ್‌ಲುಕ್ ಬೇರೆಯೇ ಪ್ರಾಣಿ. ಅದರ ಒಳಗಿರುವುದು ವೆಬ್ ಪುಟವೇ, ಹಾಗಾಗಿ ಮತ್ತೆ ಆ ಎರಡು ಮೋಡ್‌ಗಳ ಮೇಲೆ ಕಿವಿ ಇಡಬೇಕು.

ಉತ್ತರ ಬರೆಯುವುದರಲ್ಲಿ ಮೂರೂ ಒಂದೇ. ಕಳಿಸುವ ಮುಂಚೆ ಶಿಫ್ಟ್ ಟ್ಯಾಬ್ ಒತ್ತುತ್ತಾ ಹಿಂದೆ ಹೋಗಿ ಯಾರಿಗೆ ಹೋಗುತ್ತಿದೆ ಅಂತ ಕೇಳಿಸಿಕೊಳ್ಳುತ್ತೇನೆ. ಒಬ್ಬರಿಗೆ ಬರೆದದ್ದು ಎಲ್ಲರಿಗೂ ಹೋದ ದಿನದಿಂದ ಬಂದ ಅಭ್ಯಾಸ.

ಈಗ ಬೆಳಗಿನ ನಲವತ್ತು ಮೇಲ್ ಥಂಡರ್‌ಬರ್ಡ್‌ನಲ್ಲೇ. ಮೀಟಿಂಗ್ ಇರುವ ದಿನ ಔಟ್‌ಲುಕ್. ವರ್ಷದ ಹಿಂದಿನ ರಸೀದಿ ಬೇಕಾದರೆ ಜೀಮೇಲ್. ಬೇರೆಯವರ ಕಂಪ್ಯೂಟರ್ ಮುಂದೆ ಕೂತಾಗಲೂ ಅದೇ, ಜೊತೆಗೆ ಪೆನ್‌ಡ್ರೈವ್‌ನಲ್ಲಿ, ಇನ್‌ಸ್ಟಾಲ್ ಮಾಡದೆಯೇ ಓಡುವ ಎನ್‌ವಿಡಿಎಯ ಪೋರ್ಟಬಲ್ ಪ್ರತಿ.